ಕಿವಿಯಣ್ಣನ ಕೆಟ್ಟ ಸ್ವರ

ಕಿವಿಯಣ್ಣ ಟೀ ಕುಡಿಯಲು ಹೋದದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಅವನ ಮಾವ ಅವನಿಗೊಂದು ಉಪಕಾರ ಮಾಡಿಬಿಟ್ಟಿದ್ದರು.

"ಅಳಿಯಂದ್ರೇ, ನಿಮ್ಮ ಸ್ವಂತ ಹಾರ್ಮೋನಿಯಂನಲ್ಲೇ 'ಧ' ಇಳಿದಿತ್ತಲ್ರೀ! ಒಳಗಿನ ಹಿತ್ತಾಳೆ ರೀಡಿನ ತುದೀಲಿ ಏನೋ ಕೆಂಪಗೆ ಅಂಟಿಕೊಂಡಿತ್ತು, ಅರಗೋ ಏನೋ. ಉಗುರಲ್ಲೇ ಕೆರೆದು ಹಾಕ್ದೆ. ಈಗ ಕೇಳಿ, ಅಪ್ಪಟ ಚಿನ್ನ."

ಕಿವಿಯಣ್ಣ ಕೇಳಿದ. ಅಪ್ಪಟ ಚಿನ್ನವೇ. ಅವನು ತಲೆಯ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಸಿದ.

ಹಾರ್ಮೋನಿಯಂಗಳ ಶ್ರುತಿ ಸರಿಮಾಡುವುದು ಅವನ ಕಸುಬು. ಕೂದಲೆಳೆಯಷ್ಟು ತಪ್ಪಿದ ಸ್ವರವನ್ನೂ ಹಿಡಿಯುತ್ತಾನೆಂದು ಬೀದಿಯವರು ಆ ಹೆಸರಿಟ್ಟಿದ್ದರು. ವಿದ್ಯೆ ಕಲಿಸಿದವರು ಇದೇ ಮಾವ. ಹದಿನೈದರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದಾಗ "ಲೋ, ತಿದಿ ಒತ್ತೋ" ಎಂದು ಐದು ವರ್ಷ ಬರೀ ಗಾಳಿ ಹಾಕಿಸಿದ್ದರು. ಮಗಳನ್ನು ಕೊಟ್ಟ ದಿನದಿಂದ ಅವನು 'ಅಳಿಯಂದ್ರೇ' ಆದ. ಈಗ ಮುದುಕರ ಕೈ ನಡುಗುತ್ತದೆ. ರೀಡು ಕೆರೆಯುವ ರೇತಿ ಹಿಡಿಯುವುದನ್ನು ಬಿಟ್ಟು, ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದುತ್ತ ಅಳಿಯನ ತಪ್ಪು ಹುಡುಕುವುದೇ ಉದ್ಯೋಗ. ಇವತ್ತು ಒಂದು ಸಿಕ್ಕಿಬಿಟ್ಟಿತ್ತು.

ಆದರೆ ಆ ತಪ್ಪಿನ ಕತೆ ಬೇರೆಯೇ ಇತ್ತು. ತಿಂಗಳ ಹಿಂದೆ ಕಿವಿಯಣ್ಣನ ಮಗಳು ಯಾರದೋ ಹಳೆಯ ಸಿಂಥಸೈಸರ್ ಕೊಂಡು ತಂದಳು. "ಕರೆಂಟಿನ ಪೆಟ್ಟಿಗೆಗೆ ಉಸಿರೆಲ್ಲಿಂದ ಬರ್ಬೇಕು?" ಎಂದು ಅವನು ಮೂಗು ಮುರಿದ. ಅವಳು ಒಂದು ಉದ್ದನೆಯ ಸ್ವರ ಹಿಡಿದಳು. ಅವಳಿಗೆ ಬುದ್ಧಿ ಕಲಿಸಲೆಂದು ಇವನು ವರ್ಷದಿಂದ ನುಡಿಸದೆ ಇಟ್ಟಿದ್ದ ತನ್ನ ಹಳೆಯ ಹಾರ್ಮೋನಿಯಂನಲ್ಲಿ 'ಧ' ಒತ್ತಿದ.

ಎರಡೂ ಒಂದೇ ಸ್ವರ, ಆದರೂ ಒಂದಲ್ಲ. ಆ ಕೂದಲೆಳೆಯ ಸಂದಿಯಲ್ಲಿ ಒಂದು ಅಲೆ ಎದ್ದಿತು. ಮಲಗಿದ ಮಗುವಿನ ಎದೆಯ ಹಾಗೆ ನಿಧಾನವಾಗಿ ಏರಿತು, ಇಳಿಯಿತು. ಅದನ್ನು ಹಾರ್ಮೋನಿಯಂ ನುಡಿಸುತ್ತಿರಲಿಲ್ಲ, ಸಿಂಥಸೈಸರೂ ನುಡಿಸುತ್ತಿರಲಿಲ್ಲ. ಕಿವಿಯಣ್ಣನ ಮೈ ಜುಮ್ಮೆಂದಿತು. ಶ್ರುತಿ ಮಾಡುವಾಗ ಅಲೆ ಕೇಳಿಸಿದರೆ ಸ್ವರ ತಪ್ಪಿದೆ ಎಂದೇ ಲೆಕ್ಕ. ಮೂವತ್ತು ವರ್ಷ ಅವನು ಮಾಡಿದ್ದು ಅದನ್ನು ಹುಡುಕಿ ಹುಡುಕಿ ಕೊಲ್ಲುವ ಕೆಲಸ. ಅದರ ಮುಖವನ್ನು ಅಂದೇ ಮೊದಲು ನೋಡಿದಂತಾಗಿ ಅವನ ಕಣ್ಣು ತುಂಬಿತು.

"ಅಪ್ಪಾ, ಬೆರಳು ತೆಗೀಬೇಡ," ಎಂದು ಮಗಳು ಪಿಸುಗುಟ್ಟಿದಳು.

ಅವಳು ಆ 'ಧ' ಮೇಲೆಯೇ ಇಡೀ ಒಂದು ರಚನೆ ಕಟ್ಟಿದಳು. ಇವತ್ತು ಸಂಜೆ ಆರಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಅಪ್ಪ ಮಗಳು ಇಬ್ಬರೇ ನುಡಿಸಬೇಕು. ಊರಿನ ಹಾರ್ಮೋನಿಯಂಗಳನ್ನೆಲ್ಲ ವೇದಿಕೆಗೆ ಸಜ್ಜು ಮಾಡಿ ಕಳಿಸಿದ ಕಿವಿಯಣ್ಣ ತಾನೇ ವೇದಿಕೆ ಹತ್ತುತ್ತಿರುವುದು ಇದೇ ಮೊದಲು. ಮುಚ್ಚಳ ತೆಗೆದರೆ ತನ್ನ ಕೈ ಸುಮ್ಮನಿರುವುದಿಲ್ಲವೆಂದು ತಿಂಗಳಿಡೀ ಅವನು ಆ ಪೆಟ್ಟಿಗೆಯ ಒಳಕ್ಕೆ ಇಣುಕಿಯೂ ನೋಡಿರಲಿಲ್ಲ.

"ಅಷ್ಟೇನಾ? ಮತ್ತೆ ಕೆಡಿಸಿಬಿಡಿ," ಎಂದ ಇದನ್ನೆಲ್ಲ ಕೇಳಿಸಿಕೊಂಡ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು. "ಕೆಡಿಸೋದು ಏನ್ ಮಹಾ ವಿದ್ಯೆ?"

ಮಹಾ ವಿದ್ಯೆಯೇ ಆಗಿತ್ತು. ಕಿವಿಯಣ್ಣ ರೀಡಿನ ಬುಡವನ್ನು ತುಸು ಕೆರೆದ, ಸ್ವರ ಇಳಿಯಿತು. ಇಳಿದದ್ದೇ ತಡ, ಕಿವಿಗೆ ಮುಳ್ಳು ಚುಚ್ಚಿದಂತಾಗಿ ಕೈ ತಾನಾಗಿಯೇ ತುದಿಗೆ ಹೋಗಿ ಕೆರೆದು ಸರಿಮಾಡಿಬಿಟ್ಟಿತು. ಎರಡನೆಯ ಸಲವೂ ಅದೇ. ಮೂರನೆಯ ಸಲ ಕಿವಿಗೆ ಹತ್ತಿ ತುರುಕಿಕೊಂಡು ಕೆರೆದ. ತೆಗೆದು ಕೇಳಿದರೆ ಸ್ವರ ಮೊದಲಿಗಿಂತ ಶುದ್ಧವಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳೇ?

ಎದುರಿನ ಜೆರಾಕ್ಸ್ ಅಂಗಡಿಯಾಕೆ ಸುದ್ದಿ ಕೇಳಿ ಓಡಿ ಬಂದಳು. "ಅರಗು ಅಂತ ತಾತ ಹೇಳಿದ್ರಲ್ಲ? ಪಾರ್ಸೆಲ್ಲಿಗೆ ಹಚ್ಚೋದು ನಮ್ಮ ಹತ್ರ ಇದೆ."

ಅವಳು ಬೆಂಕಿಕಡ್ಡಿ ಗೀರಿದಳು, ಗಡಿಯಾರದವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು "ಎಡಕ್ಕೆ, ಸ್ವಲ್ಪ ಎಡಕ್ಕೆ" ಎಂದ. ಅವರೇಕಾಳಿನ ಗಾತ್ರದ ಅರಗು ಬಿದ್ದು 'ಧ' ಮೂಗನಾಯಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದಿದ್ದರು. ಕಿವಿಯಣ್ಣ ಅದನ್ನು ಚೂರುಚೂರಾಗಿ ಬಿಡಿಸುವಷ್ಟರಲ್ಲಿ ನಾಲ್ಕೂವರೆ ಆಯಿತು. ಅರಗು ಹೋಯಿತು, ಸ್ವರ ಬಂತು, ಹಾಳಾದ್ದು ಮತ್ತೆ ಶುದ್ಧವಾಗಿಯೇ ಬಂತು.

ಆಗ ಮಗಳು ಸಿಂಥಸೈಸರ್ ಹೊತ್ತು ಅಂಗಡಿಗೆ ಬಂದಳು. ವಿಷಯ ಕೇಳಿ ಅವಳ ಮುಖ ಬಿಳುಚಿತು.

"ಅಪ್ಪಾ... ಅದು ಅರಗಲ್ಲ. ನನ್ನ ನೇಲ್ ಪಾಲಿಶ್. ಹೋದ ವರ್ಷ ಧೂಳು ಹೊಡೆಯೋಕೆ ನೀನು ಮುಚ್ಚಳ ತೆಗೆದಿಟ್ಟಿದ್ದಾಗ ಒಂದು ಹನಿ ಬಿತ್ತು. ಬೈತೀಯ ಅಂತ ಹೇಳ್ಲಿಲ್ಲ."

ಕೆಂಪು ಬಾಟಲಿ ಅವಳ ಚೀಲದಲ್ಲೇ ಇತ್ತು. ಕಿವಿಯಣ್ಣ ಹನಿ ಇಟ್ಟ, ಒರೆಸಿದ, ಇಟ್ಟ, ಒರೆಸಿದ. ಮಗಳು ಇಟ್ಟರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಐದು ಗಂಟೆಯಾಯಿತು. ಅವಳು ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಬೆಂಚಿನ ಮೇಲಿದ್ದ ಮಾವ ಪೇಪರ್ ಮಡಚಿಟ್ಟರು.

"ಶುದ್ಧ ಸ್ವರ ಕೆಡಿಸೋದು ಪಾಪ ಕಣಮ್ಮ. ಆದ್ರೆ ಮೊಮ್ಮಗಳನ್ನ ಅಳಿಸೋದು ಅದಕ್ಕಿಂತ ದೊಡ್ಡ ಪಾಪ. ಇಲ್ಲಿ ಕೊಡು."

ನಾಲ್ಕು ವರ್ಷದಿಂದ ಯಾವ ಕೆಲಸಕ್ಕೂ ಬಾರದಿದ್ದ ಕೈ ಆ ಪುಟ್ಟ ಕುಂಚ ಹಿಡಿದು ಗಡಗಡ ನಡುಗಿತು. ನಡುಗುವ ಕುಂಚ ರೀಡಿನ ತುದಿಗೆ ತಾಗಿತೋ ಇಲ್ಲವೋ ಎಂಬಂತೆ ತಾಗಿತು. ಬಣ್ಣ ಆರಿದ ಮೇಲೆ ಮಗಳು ಸಿಂಥಸೈಸರಿನ ಸ್ವರ ಹಿಡಿದಳು, ಕಿವಿಯಣ್ಣ ಕಣ್ಣು ಮುಚ್ಚಿ 'ಧ' ಒತ್ತಿದ.

ಅಲೆ ಎದ್ದಿತು. ಮೊದಲಿನದಕ್ಕಿಂತಲೂ ಚೆನ್ನಾಗಿ ಎದ್ದಿತು.

ಸಂಜೆ ಸಭಾಂಗಣದಲ್ಲಿ ಅದು ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಕೆಮ್ಮುತ್ತಿದ್ದವರು ಕೆಮ್ಮುವುದನ್ನು ಮರೆತರು. ಜೆರಾಕ್ಸ್ ಅಂಗಡಿಯಾಕೆ ಗಡಿಯಾರದವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇಬ್ಬರಿಗೂ ತಿಳಿಯಲಿಲ್ಲ. ಮೊದಲ ಸಾಲಿನಲ್ಲಿ ಕುಳಿತಿದ್ದ ಮಾವ ಬಾಯಿ ತೆರೆದವರು ಮುಚ್ಚಲಿಲ್ಲ. ನುಡಿಸುತ್ತಿದ್ದ ಕಿವಿಯಣ್ಣನಿಗೋ, ಇದು ತನ್ನ ಕೈಯಿಂದ ಬರುತ್ತಿದೆ ಎಂದು ನಂಬಿಕೆಯೇ ಬರಲಿಲ್ಲ. ಮುಗಿದ ಮೇಲೆ ಚಪ್ಪಾಳೆ ಶುರುವಾಯಿತು. ಆಮೇಲೆ ಯಾರೂ ನಿಲ್ಲಿಸಲಿಲ್ಲ.

ಇನ್ನು ತನ್ನ ನಸೀಬು ತೆರೆಯಿತು ಎಂದುಕೊಂಡೇ ಕಿವಿಯಣ್ಣ ಮಲಗಿದ. ಬೆಳಿಗ್ಗೆ ಅಂಗಡಿಗೆ ಬಂದರೆ ಬಾಗಿಲಲ್ಲಿ ಹದಿನೇಳು ಹಾರ್ಮೋನಿಯಂಗಳ ಸಾಲು. ಅವನ ಎದೆ ಉಬ್ಬಿತು.

"ಶ್ರುತಿ ಮಾಡ್ಬೇಕಾ?" ಎಂದ.

"ಅಯ್ಯೋ ಬೇಡಪ್ಪ!" ಎಂದು ಮುಂದಿದ್ದ ಸಂಗೀತದ ಮೇಡಂ ತಮ್ಮ ಪೆಟ್ಟಿಗೆಯನ್ನು ಹಿಂದಕ್ಕೆ ಎಳೆದುಕೊಂಡರು. "ನೀವು ಮುಟ್ಟಬೇಡಿ, ಸರಿಹೋಗಿಬಿಡುತ್ತೆ. ನಾವು ನಿನ್ನೆಯ ಆ ಅಲೆ ಬೇಕೂಂತ ತಾತನ ಹತ್ರ ಬಂದಿರೋದು."

ಒಳಗೆ ಅವನ ಸ್ಟೂಲಿನ ಮೇಲೆ, ಅವನ ದೀಪದ ಕೆಳಗೆ, ಮಾವ ಕುಳಿತಿದ್ದರು. ಮುಂದೆ ಹನ್ನೆರಡು ಬಣ್ಣದ ನೇಲ್ ಪಾಲಿಶ್. ನಡುಗುವ ಕೈಯಲ್ಲಿ ಕುಂಚ. ಮುಖದಲ್ಲಿ ಇಪ್ಪತ್ತು ವರ್ಷ ಇಳಿದ ಕಳೆ. ಅವರು ತಲೆ ಎತ್ತದೆಯೇ ಮೇಜಿನ ಮೇಲಿದ್ದ ಪೆಟ್ಟಿಗೆಯ ಕಡೆ ಗಲ್ಲ ತೋರಿಸಿದರು.

"ಬಾಗಿಲಲ್ಲಿ ನಿಂತು ಏನ್ ನೋಡ್ತಿದ್ದೀಯೋ? ಹೊತ್ತಾಯ್ತು. ಲೋ, ತಿದಿ ಒತ್ತೋ."