ಭಾವನ ಮನೆಗೆ ಬಂದ ನೆಂಟರು

ನಮ್ಮ ಭಾವನ ಮನೆಗೆ ಒಬ್ಬರು ನೆಂಟರು ಬಂದಿದ್ದಾರೆ. ಮಳೆಗಾಲಕ್ಕೆ ಮುಂಚೆ ಬಂದವರು ಇನ್ನೂ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಹೊತ್ತು ಹೊತ್ತಿಗೆ ಉಣ್ಣುತ್ತಾರೆ, ಭಾವನ ಹಾಸಿಗೆಯಲ್ಲೇ ಮಲಗುತ್ತಾರೆ, ಭಾವನ ಅಂಗಿಯನ್ನೇ ಹಾಕಿಕೊಳ್ಳುತ್ತಾರೆ. ನಾನಾಗಿದ್ದರೆ ಇಂಥವರನ್ನು ಮಾರನೇ ದಿನವೇ ಬಸ್ಸು ಹತ್ತಿಸುತ್ತಿದ್ದೆ. ಭಾವನಿಗೆ ಅದು ಸಾಧ್ಯವಿಲ್ಲ. ಯಾಕೆಂದರೆ ಆ ನೆಂಟರು ಬೇರೆ ಯಾರೂ ಅಲ್ಲ, ಭಾವನೇ.

ಇದು ನನ್ನ ಇನ್ನೊಂದು ಕುಚೇಷ್ಟೆ ಅಂದುಕೊಂಡಿರಾ? ನಿಮ್ಮ ತಪ್ಪಲ್ಲ. ನಮ್ಮೂರು ಬಣಕಲ್‌ನಲ್ಲಿ ಈಗಲೂ ಜನ ನಾನು ಕೊಟ್ಟ ಪ್ರಸಾದವನ್ನು ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ ಬಸ್ ಏಜೆಂಟನನ್ನು ಕುರ್ಚಿ ಸಮೇತ ಹೊರನಾಡಿನ ಬಸ್ಸಿಗೆ ಏರಿಸಿ ಕಳಿಸಿದವನು ನಾನು. ಅವನು ದೇವರ ದರ್ಶನ ಮಾಡಿ, ಅಲ್ಲಿಯ ಊಟ ಮುಗಿಸಿ, ಸಂಜೆ ಬಂದು ನನಗೇ ಥ್ಯಾಂಕ್ಸ್ ಹೇಳಿದ. ಇಂಥ ಕಲೆ ಇಟ್ಟುಕೊಂಡವನು ಹೇಳುತ್ತಿದ್ದೇನೆ, ನಂಬಿ. ಭಾವನ ನೆಂಟರ ಮುಂದೆ ನನ್ನ ಒಂದು ಆಟವೂ ನಡೆಯಲಿಲ್ಲ.

ಭಾವ ಎಂದರೆ ನನ್ನ ತಂಗಿಯ ಗಂಡ. ಅವನೂ ನನ್ನನ್ನು ಭಾವ ಎಂದೇ ಕರೆಯುತ್ತಾನೆ. ನಮ್ಮ ಕಡೆ ಈ ಸಂಬಂಧಕ್ಕೆ ದೊಡ್ಡವ ಚಿಕ್ಕವ ಎಂಬ ಭೇದವಿಲ್ಲ. ಮನೆ ಬಾಳೂರಿನಲ್ಲಿ. ಕಸುಬು ಪಲ್ಪರ್ ರಿಪೇರಿ. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಕೊಯ್ದ ಹಣ್ಣು ರಾಶಿ ಬಿದ್ದು ಬಿಸಿಯಾಗುವುದರೊಳಗೆ ಅದರ ಬಾಯಿಗೆ ಹೋಗಬೇಕು. ಹಾಗಾಗಿ ಕೊಯ್ಲಿನ ಕಾಲದಲ್ಲಿ ಕಳಸದಿಂದ ಮೂಡಿಗೆರೆವರೆಗೆ ಯಾವ ಎಸ್ಟೇಟಿನ ಪಲ್ಪರ್ ಕೈಕೊಟ್ಟರೂ ಜೀಪು ಬಂದು ನಿಲ್ಲುವುದು ಭಾವನ ಅಂಗಳದಲ್ಲಿ. ಯಂತ್ರ ಮತ್ತೆ ತಿರುಗಿದ ಮೇಲೆ ಕೂಲಿಯ ಜೊತೆಗೆ ಮೆಕ್ಯಾನಿಕ್ಕನ ಕೈಗೆ ಒಂದು ಬಾಟಲಿ ಇಡುವುದು ಇಲ್ಲಿನ ಪದ್ಧತಿ. ಕೊಡದಿದ್ದರೆ ಸಾಹುಕಾರರಿಗೆ ಅವಮಾನ, ತೆಗೆದುಕೊಳ್ಳದಿದ್ದರೆ ಇನ್ನೂ ಅವಮಾನ. ಹೀಗೆ ಗುಡ್ಡದ ಸಾಹುಕಾರರ ಮರ್ಯಾದೆಯನ್ನೆಲ್ಲ ಉಳಿಸುತ್ತಾ ಉಳಿಸುತ್ತಾ ಭಾವ ತನ್ನದನ್ನು ಕಳೆದುಕೊಂಡ.

ಮೊದಲು ಕೊಯ್ಲಿನಲ್ಲಿ ಮಾತ್ರ ಕುಡಿಯುತ್ತಿದ್ದ. ಆಮೇಲೆ ಕೊಯ್ಲು ಬರಲಿಲ್ಲವೆಂದು ಕುಡಿದ, ಬಂತೆಂದು ಕುಡಿದ, ಮುಗಿಯಿತೆಂದು ಕುಡಿದ. ಮುಖ ತೋರಿಸಲಾಗದೆ ಹಿಂಬಾಗಿಲಿನಿಂದ ಮನೆ ಸೇರುವುದು ಅಭ್ಯಾಸವಾಯಿತು. ಒಂದು ದಿನ ನನ್ನ ತಂಗಿ ಮುಂಬಾಗಿಲಿನಿಂದ ಹೊರಟು ಬಣಕಲ್‌ನ ನಮ್ಮ ಮನೆಗೆ ಬಂದು ಕೂತಳು.

ಅದಾದ ಮೇಲೆ ಭಾವ ಯಾರೂ ಹೇಳದೆ ತಾನೇ ಹೋಗಿ ಕುಡಿತ ಬಿಡಿಸುವ ಒಂದು ಶಿಬಿರಕ್ಕೆ ಸೇರಿದ. ಮುಗಿಸಿಕೊಂಡು ಬಂದ ಸುದ್ದಿ ತಿಳಿದಾಗ ನಾನು ತಂಗಿಗೆ, "ಬಿಟ್ಟಿದಾನಂತೆ ಕಣೇ, ಹೋಗಲ್ವಾ?" ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಶಿಬಿರದಲ್ಲಿ ಯಾರು ಬೇಕಾರೂ ಬಿಡ್ತಾರಣ್ಣ. ಅಲ್ಲಿ ಎಂತ, ಸಾಹುಕಾರ್ರು ಬಾಟ್ಲಿ ಹಿಡ್ಕಂಡು ನಿಂತಿರ್ತಾರಾ? ಒಂದು ಕೊಯ್ಲು ಕುಡೀದೆ ಕಳೀಲಿ. ಆಮೇಲೆ ನೋಡಣ."

ಅಂದರೆ ಪರೀಕ್ಷೆ ಗೊತ್ತಾಯಿತು. ಪಾಸಾದರೆ ಹೆಂಡತಿ, ಇಲ್ಲದಿದ್ದರೆ ಇಲ್ಲ.

ನಾನು ನೋಡಿ ಬರೋಣವೆಂದು ಬಾಳೂರಿಗೆ ಹೋದೆ. ಮರೆಯಲ್ಲಿ ನಿಂತು ಹೆದರಿಸುವುದು ನನ್ನ ಹಳೆಯ ಪದ್ಧತಿ. ಅಂಗಳದಲ್ಲಿ ಬಿದ್ದಿದ್ದ ಹಳೇ ಪಲ್ಪರ್ ಹಿಂದೆ ಕೂತೆ. ಭಾವ ಕೆಲಸದಿಂದ ಬಂದ. ಹಿಂಬಾಗಿಲ ಕಡೆ ತಿರುಗದೆ ನೇರ ಮುಂಬಾಗಿಲಿಗೆ ಬಂದು, ಮೆಟ್ಟಿಲ ಬಳಿ ಇದ್ದ ತಂಬಿಗೆ ನೀರಿನಲ್ಲಿ ಕಾಲು ತೊಳೆದ. "ಬನ್ನಿ ಬನ್ನಿ, ಈಗ ಬಂದ್ರಾ?" ಎಂದ. ಯಾರಿಗೆ? ಹಿಂದೆ ಮುಂದೆ ಯಾರೂ ಇಲ್ಲ. "ಕೂತ್ಕಳಿ" ಎಂದು ತಾನೇ ಹೇಳಿ ಒಳಗೆ ಹೋದ. ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು ತಂದು ಕುರ್ಚಿಯ ಮುಂದಿಟ್ಟ. ಆಮೇಲೆ ಆ ಕುರ್ಚಿಯಲ್ಲಿ ಕೂತು ಬೆಲ್ಲ ಕಚ್ಚಿದ. "ಸಾಕಾ? ಇನ್ನೊಂಚೂರು ತಗಳಿ." "ಸಾಕು ಸಾಕು." ಇಬ್ಬರ ಪಾರ್ಟೂ ಒಬ್ಬನದೇ. ಹೆದರಿಸಲು ಹೋದ ನಾನು ಹೆದರಿ ಎದ್ದು ನಿಂತೆ.

"ಎಂತ ಮಾರಾಯ ಇದು?" ಎಂದೆ.

ಭಾವ ಚೂರೂ ನಾಚದೆ ವಿವರಿಸಿದ. ಶಿಬಿರದಲ್ಲಿ ಒಬ್ಬರು ಮೇಡಂ ಹೇಳಿದ್ದರಂತೆ: ನೀವೆಲ್ಲ ನಿಮ್ಮನ್ನು ನೀವೇ ನಾಯಿಯಂತೆ ನೋಡಿಕೊಂಡಿದ್ದೀರಿ, ಇನ್ನು ಮೇಲೆ ಮನೆಗೆ ಬಂದ ನೆಂಟರಂತೆ ನೋಡಿಕೊಳ್ಳಿ. ಉಳಿದವರು ಅದನ್ನು ಭಾಷಣ ಎಂದುಕೊಂಡು ತಲೆಯಾಡಿಸಿ ಬಂದರು. ಭಾವ ಮೆಕ್ಯಾನಿಕ್. ಇಷ್ಟು ದಿನಕ್ಕೊಮ್ಮೆ ಗ್ರೀಸ್ ಹಾಕು ಎಂದು ಕಂಪನಿಯವರು ಹೇಳಿದರೆ ಹಾಕಲೇಬೇಕು ಎಂದು ನಂಬಿದವನು.

"ನೆಂಟ್ರು ಬಂದ್ರೆ ಬೆಲ್ಲ ನೀರು ಕೊಡಲ್ವಾ ಭಾವ ನಾವು? ಹಂಗೆ" ಎಂದ.

ಸರಿ, ನಾನು ಬಿಡುವವನೇ? ಇನ್ನೊಂದು ಸಲ ಹೋದಾಗ ಭಾವನ ಕಡೆ ನೋಡದೆ ಅವನ ನೆಂಟರನ್ನೇ ಮಾತಾಡಿಸಿದೆ. "ಏನು ಸ್ವಾಮಿ, ಸೌಖ್ಯವಾ? ಮನೆ ಯಜಮಾನ ಸರಿಯಾಗಿ ನೋಡ್ಕೊಳ್ತಿದಾನಾ?" ಭಾವ ಪೆಚ್ಚಾಗುತ್ತಾನೆ, ನಾನು ನಗಬಹುದು ಎಂದು ಲೆಕ್ಕ.

ಭಾವ ಸ್ವಲ್ಪ ಯೋಚಿಸಿ ಉತ್ತರಿಸಿದ. "ಪರ್ವಾಗಿಲ್ಲ. ನಿನ್ನೆ ಸಂಜೆ ಸ್ವಲ್ಪ ಕಷ್ಟ ಆಯ್ತು, ಬೆವರು ಬಂತು. ಅವ್ರು ಪಕ್ಕದಲ್ಲೇ ಕೂತಿದ್ರು, ಎಲ್ಲೂ ಎದ್ದು ಹೋಗ್ಲಿಲ್ಲ."

ನನಗೆ ನಗು ಬರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳು. ಮಳೆಗಾಲದ ನಡುವೆ ಒಂದು ಸಂಜೆ ನೆಂಟರು ತಪ್ಪಿಸಿಕೊಂಡರು. ಪೇಟೆಗೆ ಹೋಗಿ, ಚೆನ್ನಾಗಿ ಕುಡಿದು, ಗದ್ದೆಯ ಅಂಚಿನಲ್ಲಿ ಬಿದ್ದು, ಯಾರೋ ಜೀಪಿನವರು ಮನೆಗೆ ತಂದು ಹಾಕಿದರು. ಇದನ್ನೂ ಭಾವ ತಾನೇ ನನಗೆ ಹೇಳಿದ.

"ಬೆಳಿಗ್ಗೆ ಎದ್ದು ಎಂತ ಮಾಡಿದೆ? ತಲೆ ಚಚ್ಕಂಡ್ಯಾ?" ಎಂದು ಕೇಳಿದೆ. ಹಿಂದೆಲ್ಲ ಅವನು ಮಾಡುತ್ತಿದ್ದುದು ಅದೇ. ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಆ ನೋವಿಗೆ ಮತ್ತೆ ಕುಡಿಯುವುದು.

"ನೆಂಟ್ರಿಗೆ ಹಂಗೆಲ್ಲ ಮಾಡಕ್ಕಾಗುತ್ತಾ? ಗಂಜಿ ಮಾಡಿ ಕೊಟ್ಟೆ. ಮುಖ ತೊಳೀರಿ ಅಂದೆ. ಆದ್ರೆ ಒಂದು ನಿರ್ಧಾರ ಮಾಡ್ದೆ ಭಾವ. ಇನ್ನು ಸಂಜೆ ಮೇಲೆ ಅವ್ರನ್ನ ಕಳ್ಸೋದಿಲ್ಲ."

ನಮ್ಮ ಕಡೆ ನೆಂಟರನ್ನು ತಡೆಯುವ ಉಪಾಯ ನಿಮಗೆ ಗೊತ್ತಲ್ಲ. ಹೊರಟೆವು ಎಂದು ಅವರು ಎದ್ದು ನೋಡಿದರೆ ಬಾಗಿಲಲ್ಲಿ ಚಪ್ಪಲಿ ಇರುವುದಿಲ್ಲ. ಮನೆಯವರು ಬಚ್ಚಿಟ್ಟಿರುತ್ತಾರೆ. ಎಲ್ಲೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕತ್ತಲಾಯಿತು, ಇವತ್ತು ಇದ್ದು ನಾಳೆ ಹೋಗಿ ಎನ್ನುತ್ತಾರೆ. ಭಾವ ಅಂದಿನಿಂದ ದಿನಾ ಸಂಜೆ ತನ್ನ ಚಪ್ಪಲಿಯನ್ನು ತಾನೇ ಬಚ್ಚಿಡತೊಡಗಿದ. ಬಚ್ಚಿಡುವವನೂ ಹುಡುಕುವವನೂ ಒಬ್ಬನೇ ಆದಾಗ ಜಾಗ ಗುಟ್ಟಾಗಿ ಉಳಿಯುವುದು ಹೇಗೆ ಎಂದು ಕೇಳಬೇಡಿ. ಭಾವನಿಗೆ ಅದೂ ಸಾಧ್ಯವಾಯಿತು. ಎಷ್ಟೋ ಬೆಳಿಗ್ಗೆ ಚಪ್ಪಲಿ ಸಿಗದೆ ಬರಿಗಾಲಲ್ಲೇ ಜೀಪು ಹತ್ತಿದ. ಒಮ್ಮೆ ಅದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಅಲ್ಲಿಂದ ಮುಂದೆ ಅವನ ಮನೆಯಲ್ಲಿ ಊಟ ಮಾಡುವುದನ್ನು ನಾನು ಬಿಟ್ಟೆ.

ಅಷ್ಟರಲ್ಲಿ ಕೊಯ್ಲು ಬಂತು. ಕಳಸದ ಕಡೆಯ ಒಂದು ಎಸ್ಟೇಟಿನಲ್ಲಿ ಭಾವ ಪಲ್ಪರ್ ತಿರುಗಿಸಿ ಕೈ ಒರೆಸಿಕೊಳ್ಳುವಾಗ ಸಾಹುಕಾರರು ಬಾಟಲಿ ಹಿಡಿದು ಬಂದರು.

"ತಗಳಿ. ಚಳಿ ಜಾಸ್ತಿ ಇದೆ."

"ಬೇಡಿ ಸಾರ್. ನಮ್ಮನೇಲಿ ನೆಂಟ್ರಿದಾರೆ."

"ಹಂಗಾರೆ ಇನ್ನೊಂದು ತಗಂಡೋಗಿ" ಎಂದು ಸಾಹುಕಾರರು ಲೆಕ್ಕ ಬರೆಯುವ ರೈಟರನ್ನು ಬಂಗಲೆಗೆ ಓಡಿಸಿದರು.

ಕುಡಿತ ಬಿಟ್ಟವನ ಕೈಗೆ ಎರಡು ಬಾಟಲಿ ಬರುವುದರಲ್ಲಿತ್ತು. ಭಾವ ಬೆವರಿದ. "ಇಲ್ಲ ಸಾರ್, ಅವ್ರಿಗೆ ಹುಷಾರಿಲ್ಲ. ಕುಡ್ದೂ ಕುಡ್ದೂ ಲಿವರ್ ಹಾಳಾಗಿದೆ. ಅವ್ರ ಎದುರಿಗೆ ನಾನು ಕುಡಿಯೋದು ಸರಿಯಾಗಲ್ಲ."

"ಅಯ್ಯೋ ಪಾಪ. ಹತ್ತಿರದವ್ರಾ?"

"ತುಂಬ ಹತ್ತಿರದವ್ರು."

ಸಾಹುಕಾರರು ಕರಗಿ, ಬಾಟಲಿ ವಾಪಸ್ ಕಳಿಸಿ, ಒಂದು ಚೀಲ ಕಿತ್ತಳೆ ಹಣ್ಣು ಕೊಟ್ಟರು. ಸುದ್ದಿ ಎಸ್ಟೇಟಿನಿಂದ ಎಸ್ಟೇಟಿಗೆ ಜೀಪಿಗಿಂತ ಬೇಗ ಹೋಯಿತು. ಎಲ್ಲ ಕಡೆಯೂ ಬಾಟಲಿ ನಿಂತು ಕಿತ್ತಳೆ, ಜೇನು, ನಾಟಿ ಮೊಟ್ಟೆ ಶುರುವಾದವು. "ನಿಮ್ಮನೆ ನೆಂಟ್ರು ಹೆಂಗಿದಾರೆ?" ಎಂದರೆ ಭಾವ, "ಈಗ ಊಟ ಸೇರ್ತಿದೆ" ಎನ್ನುತ್ತಿದ್ದ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನೆಂಟರು ಮೈ ಕೈ ತುಂಬಿಕೊಂಡರು.

ಸುದ್ದಿ ಬಣಕಲ್‌ಗೂ ಬಂತು. ಅದೇ ಬಸ್ ಏಜೆಂಟ್ ನನ್ನ ತಂಗಿಯ ಕಿವಿಗೇ ಹಾಕಿದ.

"ಅಣ್ಣ, ಬಾಳೂರಿನ ಮನೇಲಿ ಯಾರೋ ಇದಾರಂತೆ. ಯಾರದು?" ಎಂದಳು ತಂಗಿ.

ನಿಜ ಹೇಳಬಹುದಿತ್ತು. ಆದರೆ ಇಂಥ ಅವಕಾಶ ಬಿಟ್ಟರೆ ನಾನು ನಾನಾಗುತ್ತೇನೆಯೇ? "ಹೌದು, ಒಬ್ರಿದಾರೆ. ಭಾವ ಭಾರಿ ಚೆನ್ನಾಗಿ ನೋಡ್ಕೊಳ್ತಿದಾನೆ. ಕಾಲಿಗೆ ನೀರು ಇಡ್ತಾನೆ, ಬೆಲ್ಲ ಕೊಡ್ತಾನೆ, ಬನ್ನಿ ಹೋಗಿ ಅಂತಾನೆ" ಎಂದೆ.

ಅವಳ ಮುಖ ನೋಡಬೇಕಿತ್ತು. "ನನ್ಗೆ ಒಂದಿನ ಒಂದು ಲೋಟ ನೀರು ಕೊಟ್ಟೋರಲ್ಲ. ನನ್ನ ಅಡಿಗೆಮನೇಲಿ ಅದ್ಯಾರು ಕೂತಿದಾರೆ, ನಾನೇ ನೋಡ್ತೀನಿ" ಎಂದವಳು ಚಪ್ಪಲಿ ಮೆಟ್ಟಿಯೇ ಬಿಟ್ಟಳು. ನಾವು ಬಾಳೂರು ತಲುಪುವಾಗ ಸಂಜೆ. ಮನೆಯಲ್ಲಿ ಯಾರೂ ಇರಲಿಲ್ಲ. ಅವಳನ್ನೂ ಹಳೇ ಪಲ್ಪರ್ ಹಿಂದೆ ಕೂರಿಸಿದೆ. ತಮಾಷೆ ನೋಡಲಿ ಎಂದು.

ಅವತ್ತು ಭಾವನ ಕೊಯ್ಲಿನ ಕೊನೆಯ ಕೆಲಸ ಮುಗಿದಿತ್ತು. ಜೀಪಿನಿಂದ ಇಳಿದವನು ಮನೆ ಕಡೆ ತಿರುಗಲಿಲ್ಲ. ಅಂಗಳದ ತುದಿಯಲ್ಲಿ ನಿಂತು ಪೇಟೆಯ ರಸ್ತೆಯನ್ನೇ ನೋಡತೊಡಗಿದ. ಬಾರಿನ ಬೋರ್ಡಿನ ದೀಪ ಅಲ್ಲಿಂದ ಕಾಣುತ್ತದೆ.

"ಎಂತ, ಹೊರಟ್ರಾ?" ಎಂದು ಕೇಳಿದ. ಕೇಳಿದ್ದು ತನ್ನನ್ನೇ.

"ಸುಮ್ನೆ ಒಂಚೂರು ಹೋಗಿ ಬರ್ತೀನಿ. ಕೊಯ್ಲು ಮುಗೀತಲ್ಲ."

"ಕತ್ಲಾಗ್ತಾ ಬಂತು. ಈ ಹೊತ್ತಲ್ಲಿ ನೆಂಟ್ರನ್ನ ಯಾರಾದ್ರೂ ಕಳಿಸ್ತಾರಾ?"

"ಬೇಗ ಬಂದ್ಬಿಡ್ತೀನಿ."

"ಬರಲ್ಲ ನೀವು. ನಿಮ್ಮನ್ನ ನನಗೆ ಗೊತ್ತಿಲ್ವಾ?"

ರಸ್ತೆಯ ಕಡೆ ಒಂದು ಹೆಜ್ಜೆ ಇಟ್ಟವನು ಕಾಲು ಹಿಂದೆ ತೆಗೆದ.

"ಕೈ ನಡುಗ್ತಿದೆ."

"ಗೊತ್ತು. ನಾನಿದೀನಲ್ಲ. ಬನ್ನಿ, ಕೂತ್ಕಳಿ. ಬೆಲ್ಲ ತರ್ತೀನಿ."

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಬಂದ. ನಾವು ಅವಿತಿದ್ದ ಪಲ್ಪರಿನ ಮೇಲಿನ ಬಾಯಿಗೆ, ಹಣ್ಣು ಸುರಿಯುವ ಜಾಗಕ್ಕೆ, ಆ ಚಪ್ಪಲಿಯನ್ನು ಇಳಿಬಿಟ್ಟು ಕಾಲು ತೊಳೆಯಲು ಹೋದ. ನಮ್ಮನ್ನು ನೋಡಲಿಲ್ಲ. ತಂಗಿ ನನ್ನ ತೋಳನ್ನು ಹಿಡಿದಿದ್ದ ಗುರುತು ಮಾರನೇ ದಿನವೂ ಇತ್ತು.

ಆಗಷ್ಟೇ ಬಂದವರಂತೆ ಸುತ್ತಿ ಹೋಗಿ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ನಿಂತೆವು. ಬೆಲ್ಲದ ತಟ್ಟೆ, ನೀರಿನ ಲೋಟ ಹಿಡಿದು ಹೊರಗೆ ಬಂದ ಭಾವ ಹೆಂಡತಿಯನ್ನು ಕಂಡು ಹಾಗೇ ನಿಂತ. ಆಮೇಲೆ ತಟ್ಟೆಯನ್ನು ಅವಳ ಮುಂದೆ ಹಿಡಿದ.

"ನಿಮ್ ನೆಂಟ್ರಿಗೆ ತಂದಿದ್ದಲ್ವಾ ಇದು?" ಎಂದಳು.

"ಅವ್ರು ಆಮೇಲೆ ತಗಳ್ತಾರೆ. ಈಗೀಗ ಮನೆಯವ್ರೇ ಆಗಿದಾರೆ."

ಅವಳು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದಳು, ಹಿಂದಿನ ಬಾಗಿಲ ಸದ್ದಾಯಿತು, ತಿರುಗಿ ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಕೇಳಿತು. ಭಾವ ಮತ್ತು ನಾನು ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತಿದ್ದೆವು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಹೇಳಲು ಒಂದು ಜೋಕೂ ಹೊಳೆಯಲಿಲ್ಲ.

"ಕೊನೇ ಬಸ್ಸು ಹೋಗುತ್ತೆ, ಹೊರಡಣ ಬಾರೇ" ಎಂದು ಕೂಗಿ ಎದ್ದೆ. ನೋಡಿದರೆ ಮೆಟ್ಟಿಲ ಬಳಿ ನನ್ನ ಚಪ್ಪಲಿ ಇದೆ, ತಂಗಿಯದಿಲ್ಲ.

ಭಾವ ನನ್ನನ್ನು ನೋಡಿದ. "ಭಾವ, ಇವತ್ತೊಂದಿನ ಆಟ ಬೇಡಿ. ಅವ್ಳದು ಕೊಟ್ಬಿಡಿ."

"ನಾನಲ್ಲ ಮಾರಾಯ" ಎಂದೆ. ಯಾರು ನಂಬುತ್ತಾರೆ? ಜೀವಮಾನವಿಡೀ ಮಾಡಿದ್ದಕ್ಕೆಲ್ಲ ತಪ್ಪಿಸಿಕೊಂಡವನು ಮಾಡದ ಒಂದಕ್ಕೆ ಸಿಕ್ಕಿಬಿದ್ದೆ. ಭಾವ ನನ್ನ ಪಕ್ಕ ಬಿಟ್ಟು ಎದ್ದಿರಲಿಲ್ಲ, ಅವನಲ್ಲ. ನಾನಂತೂ ಅಲ್ಲ.

ಹುಡುಕುವ ನೆಪದಲ್ಲಿ ಅಂಗಳಕ್ಕೆ ಇಳಿದು ಹಳೇ ಪಲ್ಪರಿನ ಬಾಯಿಗೆ ಕೈ ಹಾಕಿದೆ. ಕೆಳಗೆ ಭಾವನ ಚಪ್ಪಲಿ. ಅದರ ಮೇಲೆ, ಒಂದಕ್ಕೊಂದು ಜೋಡಿಸಿಟ್ಟ ತಂಗಿಯ ಚಪ್ಪಲಿ.

ಅಡಿಗೆಮನೆಯ ಕಿಟಕಿಯಲ್ಲಿ ಅವಳು ನಿಂತಿದ್ದಳು. "ಸಿಕ್ತಾ ಅಣ್ಣ?" ಎಂದಳು.

ನಾನು ಕೈ ಹೊರಗೆ ತೆಗೆದೆ.

"ಇಲ್ಲ ಕಣೇ. ಎಲ್ಲೂ ಇಲ್ಲ. ಕತ್ಲಾಯ್ತು, ನೀನಿರು" ಎಂದು ಹೇಳಿ ಬಸ್ಸಿಗೆ ನಡೆದೆ.