ಶೇವಂತಿಯ ಹೊಟ್ಟೆಯಲ್ಲಿದ್ದ ಸಿಟ್ಟು

ಹೆಂಡತಿಯ ತವರುಮನೆಯಿಂದ ಬಂದ ವಸ್ತುವಿನ ಬಗ್ಗೆ ಗಂಡನಾದವನು ತುಟಿ ಬಿಚ್ಚಬಾರದು. ಇದನ್ನು ಯಾರೂ ನಮಗೆ ಹೇಳಿಕೊಡುವುದಿಲ್ಲ, ಮದುವೆಯಾದ ಮೊದಲ ವರ್ಷದಲ್ಲೇ ತಾನಾಗಿ ತಿಳಿಯುತ್ತದೆ. ಅವರು ಕೊಟ್ಟ ಪಾತ್ರೆಯ ತಳ ಸೋರಿದರೆ ತಪ್ಪು ನಮ್ಮ ಒಲೆಯದು, ಅವರು ಕೊಟ್ಟ ಗಡಿಯಾರ ನಿಂತರೆ ತಪ್ಪು ನಮ್ಮ ಗೋಡೆಯದು. ಪಾತ್ರೆ, ಗಡಿಯಾರಗಳಿಗೇ ಮುಗಿದಿದ್ದರೆ ನಾನೂ ಎಲ್ಲರಂತೆ ಸುಮ್ಮನೆ ಇದ್ದುಬಿಡುತ್ತಿದ್ದೆ. ಆದರೆ ನನ್ನ ಹೆಂಡತಿ ಸುಮಿತ್ರಾಳ ತವರಿನಿಂದ ಬಂದದ್ದು ಕುದುರೆ. ಅದಕ್ಕೆ ಹಲ್ಲುಗಳಿವೆ.

ಅಣ್ಣಿಗೇರಿಯಲ್ಲಿರುವ ನನ್ನ ಮಾವನವರು ಒಂದು ಕಾಲಕ್ಕೆ ಸ್ಟೇಷನ್ನಿನಿಂದ ಊರೊಳಗೆ ಟಾಂಗಾ ಓಡಿಸುತ್ತಿದ್ದವರು. ಆಟೋಗಳು ಬಂದು ಟಾಂಗಾ ಹೋಯಿತು, ಕುದುರೆಯ ಹುಚ್ಚು ಹೋಗಲಿಲ್ಲ. ಮದುವೆಯ ಮೆರವಣಿಗೆಗೆಂದು ಒಂದೊಂದು ಕುದುರೆ ಸಾಕುತ್ತಲೇ ಇದ್ದರು. ಮೊಣಕಾಲು ನೋವು ಹೆಚ್ಚಾಗಿ ಇನ್ನು ಕೈಲಾಗದು ಎಂದಾಗ, ಶೇವಂತಿ ಎಂಬ ಬಿಳಿಯ ಹೆಣ್ಣು ಕುದುರೆ ಸಂಶಿಯ ನಮ್ಮ ಕಿರಾಣಿ ಅಂಗಡಿಯ ಹಿತ್ತಲಿಗೆ ಬಂದು ನಿಂತಳು. ಬಹಳ ಸಂಭಾವಿತೆ. ಬ್ಯಾಂಡಿನವರು ಕಿವಿಯ ಪಕ್ಕದಲ್ಲೇ ಊದಿದರೂ, ಕಾಲ ಬಳಿ ಪಟಾಕಿ ಸಿಡಿದರೂ, ಬೆನ್ನ ಮೇಲಿನ ಮದುಮಗನೇ ಬೆಚ್ಚುತ್ತಿದ್ದನೇ ಹೊರತು ಅವಳಲ್ಲ. ನಮ್ಮ ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ ಮೇಲೆ ಸುಮಿತ್ರಾಳಿಗೆ ಬಯ್ಯಲು ನಾನೂ ಮುದ್ದಿಸಲು ಶೇವಂತಿಯೂ ಉಳಿದೆವು.

ಹಿಂದಿನ ವರ್ಷ ಶೇವಂತಿ ಗಬ್ಬಾಗಿದ್ದಳು, ಆದರೆ ದಿನ ತುಂಬುವ ಮೊದಲೇ ಕಂದು ಹಾಕಿದಳು. ಆಗ ಸುಮಿತ್ರಾ ಊಟ ಬಿಟ್ಟು ಕೂತದ್ದನ್ನು ನಾನು ನೋಡಿದ್ದೇನೆ. ಅಂಗಡಿಗೆ ಬಂದವರು "ಕುದುರಿ ಹೆಂಗೈತಿ?" ಎಂದು ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆದ್ದರಿಂದ ಈ ವರ್ಷ ಶೇವಂತಿ ಮತ್ತೆ ಗಬ್ಬಾದಾಗ ನಾವಿಬ್ಬರೂ ಖುಷಿಪಡುವುದಕ್ಕೂ ಹೆದರಿದೆವು. ಈ ಸಲವಾದರೂ ಮರಿ ಉಳಿಯಬೇಕು. ಮನೆಯಲ್ಲಿ ಬೇರೆ ಹರಕೆಯೇ ಇರಲಿಲ್ಲ.

ಮೊದಲು ಕೆಲವು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ನಮ್ಮ ಸಂಭಾವಿತೆ ಕುತ್ತಿಗೆ ಬಿಲ್ಲಿನಂತೆ ಬಗ್ಗಿಸಿ, ಮೂಗಿನ ಹೊಳ್ಳೆ ಅರಳಿಸಿ, ಪಕ್ಕದ ಮನೆಯ ಬಸಕ್ಕನ ಎಮ್ಮೆಯನ್ನು ಹಿತ್ತಲ ತುಂಬ ಅಟ್ಟಿಸಿಕೊಂಡು ಹೋದಳು. ಸಗಣಿ ಮೂಸಿ ಮೇಲ್ದುಟಿ ಎತ್ತಿ, ಥೇಟ್ ಗಂಡು ಕುದುರೆಯಂತೆ ಆಕಾಶ ನೋಡಿ ಹಲ್ಲು ತೋರಿಸಿದಳು. ತೌಡು ಹಿಡಿದು ಹೋದ ನನ್ನ ಎಡ ಭುಜವನ್ನು, ತೌಡಿಗಿಂತ ಮೊದಲು, ಕಚ್ಚಿದಳು. ಭುಜಕ್ಕೆ ಅರಿಸಿನ ಹಚ್ಚಿಕೊಂಡು ನಾನು ಅನ್ನಬಾರದ ಮಾತನ್ನು ಅಂದೆ: "ಇದನ್ನ ಅಣ್ಣಿಗೇರಿಗೆ ವಾಪಸ್ ಕಳಸೂಣು."

"ಬಸುರಿ ಅದಾಳ್ರಿ ಅಕಿ! ನಿಮ್ಮ ಮಗಳಿಗೂ ಹಿಂಗ ಅಂತಿದ್ರೇನು?"

"ನನ್ನ ಮಗಳು ಕಚ್ಚಿರಲಿಲ್ಲ."

"ನಮ್ಮ ಮನ್ಯಾಗ ಇದ್ದಾಗ ಅಕೀನೂ ಯಾರಿಗೂ ಕಚ್ಚಿರಲಿಲ್ಲ. ಇಲ್ಲೆ ಬಂದ್ ಮ್ಯಾಲ ಕಲತಾಳ."

ಅಂದರೆ ಒಲೆ, ಗೋಡೆಗಳ ಸಾಲಿಗೆ ಈಗ ನಾನೂ ಸೇರಿದ್ದೆ.

ದನದ ದವಾಖಾನೆಯ ಡಾಕ್ಟರ್ ಬಾಯಿಯನ್ನು ಕರೆಸಿದೆವು. ನನ್ನ ಮಗಳಷ್ಟು ವಯಸ್ಸಿನವರು. ಶೇವಂತಿಯನ್ನು ಸುತ್ತ ನೋಡಿ, ಮುಟ್ಟಿ, ನಕ್ಕರು. "ಸಾವ್ಕಾರ್ರ, ಏನೂ ಅಂಜಬ್ಯಾಡ್ರಿ. ಇದೆಲ್ಲಾ ಹಾರ್ಮೋನಿನ ಆಟ. ಕುದುರಿ ಹೊಟ್ಟ್ಯಾಗ ಒಂದು ಮಜಾ ಐತ್ರಿ. ನಡುವಿನ ತಿಂಗಳದಾಗ ಮರಿ ಒಳಗಿನ ಬೀಜದ ಗ್ರಂಥಿ ಅದರ ಅವ್ವನ ಗ್ರಂಥಿಕಿಂತ ದೊಡ್ಡದಾಗಿ ಬೆಳೀತಾವು. ಅಲ್ಲಿಂದ ಹೊಂಟ ಹಾರ್ಮೋನು ತಾಯಿ ರಕ್ತಕ್ಕ ಸೇರತೈತಿ. ಅದಕ್ಕ ಕೆಲವು ಹೆಣ್ಣು ಕುದುರಿ ಈ ಹೊತ್ತಿನ್ಯಾಗ ಗಂಡಿನಂಗ ನಡಕೋತಾವು. ಮುಂದ ತಾನ ಇಳೀತೈತಿ."

ಸುಮಿತ್ರಾ ಕಣ್ಣರಳಿಸಿ ಕೇಳಿದಳು: "ಅಂದ್ರ ಈ ಸಿಟ್ಟು ಅಕೀದಲ್ಲೇನ್ರಿ?"

"ಮರೀದು ಅಂತ ತಿಳ್ಕೋರಿ ಬೇಕಾದ್ರ."

ಸುಮಿತ್ರಾ ನನ್ನ ಕಡೆ ತಿರುಗಿದ ಆ ನೋಟವನ್ನು ಏನೆಂದು ಬಣ್ಣಿಸಲಿ? ಕೋರ್ಟಿನಲ್ಲಿ ತವರುಮನೆಯವರೆಲ್ಲ ನಿರ್ದೋಷಿಗಳೆಂದು ಬಿಡುಗಡೆಯಾದ ಸಂಭ್ರಮ ಅದರಲ್ಲಿತ್ತು. ಅಂದಿನಿಂದ ಹಾರ್ಮೋನು ನಮ್ಮ ಓಣಿಯ ಮಾತಾಯಿತು. ಬಸಕ್ಕನ ಎಮ್ಮೆ ಹಾಲು ಕಡಿಮೆ ಕೊಟ್ಟರೆ ಹಾರ್ಮೋನು, ನಲ್ಲಿಗೆ ನೀರು ಬರದಿದ್ದರೂ ಹಾರ್ಮೋನು. ಪಲ್ಯಕ್ಕೆ ಉಪ್ಪು ಹೆಚ್ಚಾದ ಒಂದು ಮಧ್ಯಾಹ್ನ ನಾನೂ ಧೈರ್ಯ ಮಾಡಿ ಆ ಮಾತನ್ನು ಬಳಸಿದೆ. ರಾತ್ರಿ ಪಲ್ಯಕ್ಕೆ ಉಪ್ಪೇ ಇರಲಿಲ್ಲ. ಮತ್ತೆ ಬಳಸಲಿಲ್ಲ.

ಇಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡದೆ ಬಿಟ್ಟರೆ ಹೊಟ್ಟೆಯ ಕೂಸಿಗೆ ಬಯಕೆ ಉಳಿಯುತ್ತದೆ ಎಂದು ಬಸಕ್ಕ ನೆನಪಿಸಿದಳು. "ಹ್ವಾದ ವರ್ಷ ಮಾಡಿದ್ದಿಲ್ಲಲಾ ಸುಮಿತ್ರಾ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟಳು. ಆ ಅರ್ಧ ಮಾತು ಸಾಕಾಯಿತು. ಎರಡು ಹೆಣ್ಣುಮಕ್ಕಳ ಕುಬಸ, ಬಾಣಂತನ ಮಾಡಿದ ಕೈ ಸುಮ್ಮನಿದ್ದೀತೆ? ಶೇವಂತಿಯ ಬೆನ್ನಿಗೆ ಹಸಿರು ಖಣ ಹೊದಿಸಿ, ಕುತ್ತಿಗೆಯ ಕೂದಲಿಗೆ ಹಸಿರು ಬಳೆ ಕಟ್ಟಿ, ಹಣೆಗೆ ಕುಂಕುಮವಿಟ್ಟು ಆರತಿ ಎತ್ತಿದರು. ಅವಳೂ ಮದುವೆ ಮೆರವಣಿಗೆಗಳನ್ನು ಕಂಡವಳು, ಗತ್ತಿನಿಂದ ನಿಂತಿದ್ದಳು. ಆಮೇಲೆ ಬಂದ ಮುತ್ತೈದೆಯರೆಲ್ಲ ಪದ್ಧತಿಯಂತೆ ಒಂದೊಂದು ತುತ್ತು ಉಣಿಸಿದರು. ಹೋಳಿಗೆ, ಕರ್ಚಿಕಾಯಿ, ಶೇಂಗಾ ಉಂಡಿ. ಒಬ್ಬೊಬ್ಬರದು ಒಂದೇ ತುತ್ತು, ನಿಜ. ಆದರೆ ಬಂದದ್ದು ಇಡೀ ಓಣಿ. ನಾನೂ ಅಂಗಡಿಯಿಂದ ಒಂದು ಬೆಲ್ಲದ ಹೆಂಟೆ ತಂದು ಕೊಟ್ಟೆ. ಅಂದು ಅವಳು ನನ್ನನ್ನು ಕಚ್ಚಲಿಲ್ಲ, ಬಾಯಿಗೆ ಬಿಡುವೇ ಇರಲಿಲ್ಲ.

ಸಂಜೆಯ ಹೊತ್ತಿಗೆ ಶೇವಂತಿ ನೆಲ ಕೆರೆಯತೊಡಗಿದಳು. ತನ್ನ ಹೊಟ್ಟೆಯನ್ನು ತಾನೇ ತಿರುತಿರುಗಿ ನೋಡಿದಳು. ಮೈಯೆಲ್ಲ ಬೆವರು. ಹಸಿರು ಖಣದೊಂದಿಗೇ ಮಣ್ಣಿನಲ್ಲಿ ಉರುಳಲು ಹೋದಳು. ಓಡಿಬಂದ ಡಾಕ್ಟರ್ ಬಾಯಿ ಸೂಜಿ ಚುಚ್ಚಿ, ಮೂಗಿನೊಳಗಿಂದ ನಳಿಗೆ ಇಳಿಸಿ ಎಣ್ಣೆ ಹಾಕುತ್ತ ಬಯ್ದರು: "ಕುದುರಿಗೆ ಹೋಳಗಿ ಉಣಸ್ತಾರೇನ್ರಿ? ಹೊಟ್ಟಿ ಶೂಲಿ ಇದು. ಮಲಗಾಕ ಬಿಡಬ್ಯಾಡ್ರಿ, ನಡಸ್ರಿ. ಮರೀದು ಈಗ ಏನೂ ಹೇಳಾಕ ಬರೂದಿಲ್ಲ."

ಸುಮಿತ್ರಾ ಅಲ್ಲೇ ಕಟ್ಟೆಯ ಮೇಲೆ ಕುಸಿದಳು. "ಹ್ವಾದ ಸಲ ದೇವ್ರು ಒಯ್ದಾ. ಈ ಸಲ ನಾನ ನನ್ನ ಕೈಯಾರೆ..." ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ. ಹಗ್ಗ ಹಿಡಿದು ಶೇವಂತಿಯನ್ನು ನಡೆಸಿದೆ. ಅಂಗಡಿಯಿಂದ ಶಾಲೆಯ ಗೋಡೆಯವರೆಗೆ, ಗೋಡೆಯಿಂದ ಅಂಗಡಿಗೆ. ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. "ನೀ ಬೇಕಾದ್ರ ಬಲಭುಜಾನೂ ಕಚ್ಚು, ಆದ್ರ ಮರೀನ್ನ ಬಿಡಬ್ಯಾಡವಾ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಕತ್ತಲಾಗುವ ಮುಂಚೆ ಅವಳು ನಿಂತಳು, ಲದ್ದಿ ಹಾಕಿದಳು. ಲದ್ದಿ ಕಂಡು ಇಷ್ಟು ಸಂತೋಷಪಟ್ಟ ಕಿರಾಣಿ ವ್ಯಾಪಾರಿ ತಾಲ್ಲೂಕಿನಲ್ಲೇ ಇರಲಾರ. ಆಮೇಲೆ ಅವಳು ತಲೆಯನ್ನು ನನ್ನ ಭುಜದ ಮೇಲೆ, ಕಚ್ಚಿದ್ದ ಅದೇ ಭುಜದ ಮೇಲೆ, ಇಟ್ಟಳು. ಸುಮಿತ್ರಾ ಬಂದು ಅವಳ ಹೊಟ್ಟೆಗೆ ಕೈಯಿಟ್ಟಳು. ಕೈ ತೆಗೆಯದೆ ಕಾದು, "ರೀ, ಒದೀತು" ಅಂದಳು. ನಾನು ಅತ್ತೆ. ಧೂಳು ಬಿತ್ತು ಎಂದು ಹೇಳಿಕೊಂಡೆ, ಯಾರೂ ನಂಬಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಬಾಯಿ ಹೇಳಿದಂತೆಯೇ ಸಿಟ್ಟು ಇಳಿಯಿತು, ಹೊಟ್ಟೆಯೂ ಇಳಿಬಿತ್ತು. ಮೊಲೆಯ ತುದಿಗೆ ಮೇಣದಂಥ ಹನಿ ಕಂಡ ದಿನ, ಹೆರಿಗೆ ಹತ್ತಿರವಾಯಿತೆಂದು, ನಾನು ಅಂಗಡಿ ಮುಚ್ಚಿ ಕೊಟ್ಟಿಗೆಯ ಬಾಗಿಲಿಗೆ ಹೊರಸು ಹಾಕಿಕೊಂಡು ಕಾವಲು ಕೂತೆ. ಯಾರಾದರೂ ನೋಡುತ್ತಿದ್ದರೆ ಕುದುರೆಗಳು ಹೆರಿಗೆಯನ್ನು ತಡೆದುಕೊಳ್ಳುತ್ತವಂತೆ, ಅದು ನನಗೆ ಗೊತ್ತಿರಲಿಲ್ಲ. ನಾನು ಅವಳನ್ನು ನೋಡುತ್ತ ಕೂತೆ, ಅವಳು ನನ್ನನ್ನು ನೋಡುತ್ತ ನಿಂತಳು. ಬೆಳಗ್ಗೆ ಹಲ್ಲುಜ್ಜಲು ಬಚ್ಚಲಿಗೆ ಹೋಗಿ, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ವಾಪಸು ಬಂದರೆ, ಹುಲ್ಲಿನ ಮೇಲೆ ಒದ್ದೆಯಾದ ಒಂದು ಕಂದು ಬಣ್ಣದ ಗಂಡು ಮರಿ, ಉದ್ದುದ್ದ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಿತ್ತು. ಶೇವಂತಿ ಅದನ್ನು ನೆಕ್ಕುತ್ತಿದ್ದಳು. ಸುಮಿತ್ರಾ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಳು.

ಈಗ ಶೇವಂತಿ ಮೊದಲಿನಂತೆಯೇ ಸಂಭಾವಿತೆ. ಮರಿಗೆ ಮಾತ್ರ ನನ್ನ ಭುಜವೇ ಬೇಕು, ಬಗ್ಗಿದೆನೆಂದರೆ ಕಚ್ಚುತ್ತದೆ. ಮೊನ್ನೆ ಹಾಗೆ ಕಚ್ಚಿಸಿಕೊಂಡು ಕೂಗಿದಾಗ ಸುಮಿತ್ರಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಡಾಕ್ಟರ್ ಬಾಯಿ ಹೇಳಿದ್ದು ಖರೇ ನೋಡ್ರಿ. ಸಿಟ್ಟೆಲ್ಲಾ ಮರೀದ. ನಮ್ಮ ತವರಿಂದ ಬಂದಾಕಿ ಅಗದಿ ಶಾಂತ ಅದಾಳ. ಕಚ್ಚೂದು, ನಿಮ್ಮ ಮನ್ಯಾಗ ಹುಟ್ಟಿದ್ದು."

ನಾನು ಭುಜ ತಿಕ್ಕಿಕೊಳ್ಳುತ್ತ ಕೂತೆ. ಮರಿ ಬಂದು ಇನ್ನೊಂದು ಭುಜ ಮೂಸಿತು. ನಿಜ ಹೇಳಬೇಕೆಂದರೆ, ಮರಿಯನ್ನು ನಮ್ಮ ಮನೆಯದು ಎಂದದ್ದು ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಸರಿಯಾಗಿ ಸಿಗಲೆಂದು ಸ್ವಲ್ಪ ಬಗ್ಗಿಯೂ ಕೊಟ್ಟೆ.