ಎರಡನೇ ಮಹಡಿಯ ಹಸಿರು ಚುಕ್ಕೆ

ಮಕ್ಕಳ ಆರೋಗ್ಯ ಸೇವೆಗಳ ನಕ್ಷೆ ಬರೆಯುವ ಮಾನ್ಯರೇ,

ನನಗೆ ಮದುವೆಯಾಯಿತು, ಇದನ್ನು ಮೊದಲು ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗುತ್ತಿತ್ತು, ಆದ್ದರಿಂದ ತಮಗೆ ಸಲ್ಲಬೇಕಾದ ನಮಸ್ಕಾರಗಳನ್ನು ಎರಡನೇ ವಾಕ್ಯಕ್ಕೆ ತಳ್ಳಿದ್ದಕ್ಕೆ ಕ್ಷಮೆಯಿರಲಿ. ನಮಸ್ಕಾರಗಳು. ಗಂಡನ ಜೊತೆಗೆ ನನಗೆ ಅತ್ತೆ, ವಾರಗಿತ್ತಿ ಮತ್ತು ವಾರಗಿತ್ತಿಯ ಆರು ವರ್ಷದ ಮಗಳು ಪುಟ್ಟಿ ಸಿಕ್ಕಿದ್ದಾರೆ. ಪುಟ್ಟಿಯ ಕಾಲುಗಳಿಗೆ ಹುಟ್ಟಿನಿಂದ ಬಲವಿಲ್ಲ, ಮಾತೂ ತಡೆತಡೆದು ಬರುತ್ತದೆ. ಆದರೂ ‘ಚಿಕ್ಕಮ್ಮ’ ಎಂದು ಪೂರ್ತಿ ಹೇಳಿ ಮುಗಿಸಿದಾಗಲೆಲ್ಲ ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಾಳೆ. ಇಂಥ ಸ್ವಾಗತ ಯಾವ ಸೊಸೆಗೆ ಸಿಕ್ಕೀತು?

ತಮ್ಮ ನಕ್ಷೆಯಲ್ಲಿ ಇಂಥ ಮಕ್ಕಳಿಗೆ ಚಿಕಿತ್ಸೆ ಸಿಗದ ಊರುಗಳೆಲ್ಲ ಕೆಂಪು, ನಮ್ಮೂರು ಮಾತ್ರ ಹಸಿರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಅಚ್ಚಾದದ್ದನ್ನೆಲ್ಲ ನಂಬುತ್ತೇನೆ. ಪುಟ್ಟಿಯನ್ನು ಎತ್ತಿಕೊಂಡು ಹೊರಟೇಬಿಟ್ಟೆ. ಹಸಿರು ಚುಕ್ಕೆ ನಿಜಕ್ಕೂ ಇತ್ತು, ಸರ್ಕಾರಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ. ನಡೆಯಲಾರದ ಮಕ್ಕಳಿಗೆ ನಡೆಯಲು ಕಲಿಸುವ ಕೋಣೆಗೆ ನಡೆದೇ ಹತ್ತಬೇಕೆಂಬ ತಮ್ಮ ಪ್ರವೇಶ ಪರೀಕ್ಷೆಯನ್ನು ಎಷ್ಟು ಹೊಗಳಿದರೂ ಸಾಲದು. ಲಿಫ್ಟ್ ಇಲ್ಲವೆಂದು ನಾನು ದೂರುವುದಿಲ್ಲ; ಇದೆ, ಅದರಲ್ಲಿ ಹಳೆಯ ಕುರ್ಚಿಗಳು ವಿಶ್ರಾಂತಿ ಪಡೆಯುತ್ತಿವೆ.

ಏದುಸಿರು ಬಿಡುತ್ತ ಮೇಲೆ ಮುಟ್ಟಿದರೆ, ವ್ಯಾಯಾಮ ಕಲಿಸುವ ಮೇಡಂ ಸಾಮಾನು ಕಟ್ಟುತ್ತಿದ್ದರು. “ಮಕ್ಕಳೇ ಬರಲ್ಲಮ್ಮ. ಈ ಊರಲ್ಲಿ ಅಂಥ ಮಕ್ಕಳೇ ಇಲ್ಲ ಅಂತ ಮೇಲಿನವರು ಬರ್ಕೊಂಡಿದ್ದಾರೆ, ಮುಂದಿನ ತಿಂಗಳಿಂದ ಈ ಕೋಣೆ ಇರಲ್ಲ” ಎಂದರು. ಕೋಣೆ ಹೋದರೂ ಹಸಿರು ಹೋಗುವುದಿಲ್ಲವಂತೆ, ಮಕ್ಕಳೇ ಇಲ್ಲದ ಮೇಲೆ ಕೊರತೆ ಎಲ್ಲಿಯದು? ಬಾವಿಗೆ ಹಗ್ಗ ಕೊಡದೆ, ಊರಿಗೆ ಬಾಯಾರಿಕೆಯೇ ಇಲ್ಲವೆಂದು ಬರೆದುಕೊಳ್ಳುವ ಈ ಜಾಣ್ಮೆಗೆ ಕೈ ಮುಗಿಯುತ್ತೇನೆ.

ಮನೆಯಲ್ಲಿ ವಾರಗಿತ್ತಿ, “ನಾನೂ ಎತ್ಕೊಂಡು ಹತ್ತಿದವಳೇ ಕಣೇ, ಸೊಂಟ ಬಿದ್ದೋಯ್ತು” ಎಂದು ನೋವಿನ ಎಣ್ಣೆಯ ಸೀಸೆ ತೋರಿಸಿದರು. ಅತ್ತೆಯವರು ನನ್ನ ಉತ್ಸಾಹ ನೋಡಿ, “ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ” ಎಂದರು.

ಆದ್ದರಿಂದ ದಯವಿಟ್ಟು ಪುಟ್ಟಿಗೆ ಒಂದು ಜೊತೆ ರೆಕ್ಕೆ ಮಂಜೂರು ಮಾಡಿ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಕಟ್ಟಡವನ್ನು ಎರಡು ಮಹಡಿಯಷ್ಟು ನೆಲಕ್ಕೆ ಇಳಿಸಿ. ಅದೂ ಕಷ್ಟವಾದರೆ ಮೇಡಂ ಅವರನ್ನು ಕೆಳಗಿನ ಕೋಣೆಗೆ ಕರೆತಂದು ಕುರ್ಚಿಗಳನ್ನು ಮೇಲೆ ಕಳಿಸಿ. ಅವಕ್ಕೆ ನಾಲ್ಕು ನಾಲ್ಕು ಕಾಲುಗಳಿವೆ.

ಹಸಿರನ್ನು ಕಂಡರೆ ಈಗ ಸ್ವಲ್ಪ ಬೆಚ್ಚುವ,
ತಮ್ಮ ವಿಶ್ವಾಸಿ,
ಪುಟ್ಟಿಯ ಹೊಸ ಚಿಕ್ಕಮ್ಮ

ತಾ.ಕ.: ಊರಲ್ಲಿ ಇಲ್ಲದ ಮಕ್ಕಳನ್ನು ಮನೆಮನೆಗೆ ಹೋಗಿ ಹುಡುಕಿದೆ, ಈವರೆಗೆ ಪುಟ್ಟಿಯೂ ಸೇರಿ ಹನ್ನೊಂದು ಮಂದಿ ಸಿಕ್ಕಿದ್ದಾರೆ. ಮಧುಚಂದ್ರಕ್ಕೆ ಎಲ್ಲಿಗೆ ಹೋಗೋಣವೆಂದು ಗಂಡ ಕೇಳಿದರು, ತಮ್ಮ ಕಚೇರಿಗೆ ಎಂದೆ. ಅದು ಮೂರನೇ ಮಹಡಿಯಲ್ಲಿದೆಯೆಂದು ಕೇಳಿದ್ದೇವೆ, ತಾವೇ ಕೆಳಗಿಳಿದು ಬಂದರೆ ಉಪಕಾರವಾದೀತು. ಹನ್ನೊಂದು ಮಕ್ಕಳು, ಅವರ ತಾಯಂದಿರು ಮತ್ತು ನವದಂಪತಿಗಳಾದ ನಾವು ಬರುವ ಸೋಮವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿಯುತ್ತೇವೆ.